ಹುಳದ ಕೋಣೆಗೆ ಬಾಣಂತಿ ಬಂದಾಗ

ಮಾರಯ್ಯ ಕಟ್ಟಿದ ಮನೆಗಳು ನರಸೀಪುರದ ಸುತ್ತಮುತ್ತ ಬೇಕಾದಷ್ಟಿವೆ. ಆದರೆ ಅವನ ಸ್ವಂತ ಮನೆಯ ಬಗ್ಗೆ ಊರಿನವರು ಆಡಿಕೊಂಡು ನಗುವುದುಂಟು: ಗಾರೆ ಕೆಲಸದವನ ಮನೆಯಲ್ಲಿ ಇರುವ ಒಂದೇ ಒಳ್ಳೆ ಕೋಣೆ ರೇಷ್ಮೆ ಹುಳಕ್ಕೆ, ಗಂಡ ಹೆಂಡತಿ ಮಲಗುವುದು ನಡುಮನೆಯಲ್ಲಿ ಚಾಪೆ ಹಾಸಿಕೊಂಡು. ಇದನ್ನು ಕೇಳಿದರೆ ಅವನ ಹೆಂಡತಿ ಮಹದೇವಮ್ಮನಿಗೆ ಬೇಸರವಿಲ್ಲ.

"ಉಳ ದುಡೀತವೆ. ಇವ್ರು ಗೊರಕೆ ಒಡೀತಾರೆ. ನೀವೇ ಏಳಿ, ಕೋಣೆಯ ಯಾರ್ಗೆ ಕೊಡಾದು?" ಎಂದು ಗಂಡನ ಮುಂದೆಯೇ ಅನ್ನುತ್ತಾಳೆ.

ಸೋಮನಾಥಪುರದಿಂದ ನರಸೀಪುರಕ್ಕೆ ಬರುವ ರಸ್ತೆ ಬಿಟ್ಟು ಒಳಗೆ ತಿರುಗಿ, ನಾಲೆ ದಾಟಿದರೆ ಅವರ ಊರು. ಮದುವೆಯಾಗಿ ಬಂದ ಹೊಸದರಲ್ಲಿ ಮಹದೇವಮ್ಮ ಬೇರೆಯವರ ತೋಟಗಳಿಗೆ ಹಿಪ್ಪುನೇರಳೆ ಸೊಪ್ಪು ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಸೊಪ್ಪು ಬಿಡಿಸುತ್ತಾ ಬಿಡಿಸುತ್ತಾ ಹುಳ ಸಾಕುವ ಆಸೆ ಹತ್ತಿಕೊಂಡಿತು. ನಾಲೆ ಪಕ್ಕದ ತಮ್ಮ ತುಂಡು ಜಮೀನಿನಲ್ಲಿ ಹಿಪ್ಪುನೇರಳೆ ಕಡ್ಡಿ ನೆಡಿಸಿ, ಅದು ಚಿಗುರಿದ ಮೇಲೆ ಸ್ವಂತಕ್ಕೆ ಮೊಟ್ಟೆ ತಂದಳು. ಧನುರ್ಮಾಸದ ಚಳಿ. ಮರಿಹುಳಕ್ಕೆ ಬೆಚ್ಚಗಿರಬೇಕು ಎಂದು ನಡುಮನೆಯಲ್ಲಿ ಕಬ್ಬಿಣದ ಬಾಣಲೆಗೆ ಕೆಂಡ ತುಂಬಿಸಿ ಇಟ್ಟಳು. ಮನೆಯೇನೋ ಬೆಚ್ಚಗಾಯಿತು. ಆದರೆ ಹಾಕಿದ ಸೊಪ್ಪು ಹುಳ ಬಾಯಿ ಇಡುವ ಮೊದಲೇ ಹಪ್ಪಳದ ಹಾಗೆ ಮುರುಟಿಕೊಳ್ಳತೊಡಗಿತು. ಮರಿಗಳು ಹಸಿದವು, ಕೆಲವು ದೊಡ್ಡವಾಗಿ ಕೆಲವು ನೂಲೆಳೆಯಷ್ಟೇ ಉಳಿದವು, ಅರ್ಧಕ್ಕರ್ಧ ಸತ್ತವು. ಮೂಲೆಯಲ್ಲಿ ನೀರಿನ ಗಡಿಗೆಗಳ ಪಕ್ಕಕ್ಕೆ ಜಾಗವಿಲ್ಲದೆ ಇಟ್ಟಿದ್ದ ಒಂದು ತಟ್ಟೆಯ ಹುಳ ಮಾತ್ರ ನುಣ್ಣಗೆ, ಒಂದೇ ಸಮ ಬೆಳೆದಿದ್ದವು.

ಆ ತಟ್ಟೆಯ ಮುಂದೆ ಮಹದೇವಮ್ಮ ತುಂಬಾ ಹೊತ್ತು ಕುಕ್ಕುರುಗಾಲಲ್ಲಿ ಕೂತಿದ್ದಳು. ಆಮೇಲೆ ಗಂಡನಿಗೆ ಹೇಳಿದಳು: "ಬೆಂಕಿ ಬರೀ ಬಿಸಿ ಕೊಡಾಕಿಲ್ಲ ಕಣ್ರೀ, ಗಾಳೀಲಿರೋ ನೀರ್ನೂ ಕುಡ್ಕಂಡು ಬುಡ್ತದೆ."

ಮಾರಯ್ಯ ಮಾತು ಕಡಿಮೆಯವನು. ಮುಂದಿನ ವರ್ಷ ಸರ್ಕಾರದ ಮನೆ ಮಂಜೂರಾದಾಗ ಹೆಂಡತಿಯ ಮಾತನ್ನು ನೆನಪಿಟ್ಟು ಕಟ್ಟಿದ. ಬಚ್ಚಲ ಹಂಡೆಯ ಒಲೆಯನ್ನು ಗೋಡೆಯ ಹೊರಗೆ ಕಟ್ಟಿ, ಗಾರೆಯ ಹೊಗೆ ಕೊಳವೆಯನ್ನು ನೇರ ಮೇಲಕ್ಕೆ ಬಿಡದೆ ಪಕ್ಕದ ಕೋಣೆಯ ಗೋಡೆಯ ಉದ್ದಕ್ಕೂ ಹಾಯಿಸಿ, ಕೊನೆಗೆ ಸೂರಿನಾಚೆ ಬಿಟ್ಟ. ಒಂದು ಎಳೆ ಹೊಗೆ ಒಳಗೆ ಬರದಂತೆ ಸಂದುಗಳಿಗೆಲ್ಲ ಗಾರೆ ಮೆತ್ತಿದ. ಸೊಪ್ಪು ತಿಂದು ಉಳಿದ ಕಡ್ಡಿಗಳೇ ಒಲೆಗೆ ಸೌದೆ. ಕೊಳವೆಯ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು, ಅಡ್ಡ ಹಗ್ಗದ ಮೇಲೆ ಒದ್ದೆ ಗೋಣಿಚೀಲ, ಮೇಲೆ ಎರಡು ಪುಟ್ಟ ಗವಾಕ್ಷಿ. ಅಷ್ಟೇ ಆ ಕೋಣೆ. ಆದರೆ ಚಳಿಗಾಲದಲ್ಲಿ ಅದರೊಳಗೆ ಕಾಲಿಟ್ಟರೆ ಮಳೆ ನಿಂತ ಮೇಲಿನ ಮಧ್ಯಾಹ್ನದ ಹಾಗಿರುತ್ತಿತ್ತು.

ಮೊಟ್ಟೆಯೊಡೆದ ಮರಿಗಳನ್ನು ಎರಡು ಜ್ವರ ದಾಟುವವರೆಗೆ ಸಾಕುವುದಕ್ಕೆ ಚಾಕಿ ಅನ್ನುತ್ತಾರೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ನಿದ್ದೆಹೋಗಿ, ಹಳೆಯ ಚರ್ಮ ಕಳಚುವ ಹೊತ್ತು. ಮೇಯುವಾಗ ಗಾಳಿಯಲ್ಲಿ ಪಸೆ ಇರಬೇಕು, ಜ್ವರದಲ್ಲಿರುವಾಗ ಒಣಗಿರಬೇಕು. ಇದು ತಪ್ಪದ ಕಾರಣಕ್ಕೇ ಅಕ್ಕಪಕ್ಕದ ನಾಲ್ಕಾರು ಮನೆಯವರು ತಮ್ಮ ಮರಿಗಳನ್ನೂ ಮಹದೇವಮ್ಮನ ಕೋಣೆಯಲ್ಲೇ ಬಿಡುತ್ತಿದ್ದರು. ಅವರಲ್ಲಿ ಮೇಲಿನ ಬೀದಿಯ ಪುಟ್ಟಬಸಮ್ಮ ಒಬ್ಬಳು. ಮಠಕ್ಕೆ ನಡೆದುಕೊಳ್ಳುವ ಮನೆತನದ ಹೆಂಗಸು. ಮೊದಮೊದಲು ಬಾಗಿಲಾಚೆಯೇ ನಿಂತು ಮಾತಾಡಿಸಿ ಹೋಗುತ್ತಿದ್ದವಳು ಈಗ ಒಳಗೆ ಬಂದು ಕಾಲು ಚಾಚಿ ಕೂತು ಕಾಫಿ ಕುಡಿಯುವಷ್ಟು ಬಳಕೆ.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಹೀಗೆ ಎಲ್ಲರ ಮರಿಗಳೂ ಕೋಣೆಯಲ್ಲಿದ್ದವು. ಮಹದೇವಮ್ಮನ ಒಬ್ಬಳೇ ಮಗಳು ಕವನ ಆಗ ತುಂಬು ಬಸುರಿ. ನಂಜನಗೂಡಿನಲ್ಲಿ ಗಂಡನ ಮನೆ. ಗಂಡ ನಟರಾಜ ತಾಂಡವಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಡಾಕ್ಟರು ಕೊಟ್ಟ ತಾರೀಖು ಫೆಬ್ರವರಿ ಕೊನೆಗಿತ್ತು. ಅಷ್ಟರಲ್ಲಿ ಗೂಡು ಬಿಡಿಸಿ, ಕೋಣೆ ತೊಳೆದು, ಸುಣ್ಣ ಬಳಿದು ಮಗಳನ್ನು ಕರೆತರುವುದು ಎಂಬ ಲೆಕ್ಕಾಚಾರ. ಕೂಸು ಆ ಲೆಕ್ಕಕ್ಕೆ ಕಾಯಲಿಲ್ಲ. ಒಂದು ಬೆಳಿಗ್ಗೆ ನಟರಾಜನ ಫೋನು ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ಹೆಣ್ಣು ಮಗು, ತೂಕ ಸ್ವಲ್ಪ ಕಡಿಮೆ, ಇಬ್ಬರೂ ಆರೋಗ್ಯವಾಗಿದ್ದಾರೆ, ಮಗುವನ್ನು ಬೆಚ್ಚಗಿಟ್ಟುಕೊಳ್ಳಬೇಕಂತೆ.

ಮಹದೇವಮ್ಮ ಸಂತೋಷಕ್ಕೆ ಅಲ್ಲೇ ಕೂತುಬಿಟ್ಟಳು. ಎದ್ದಾಗ ಅವಳ ಕಣ್ಣು ಕೋಣೆಯ ಬಾಗಿಲ ಮೇಲೆ ಬಿತ್ತು.

ಮನೆಯಲ್ಲಿ ಬೆಚ್ಚಗಿನ ಕೋಣೆ ಇದ್ದದ್ದು ಅದೊಂದೇ. ಬಾಣಂತಿಗೆ ಬೆಳ್ಳುಳ್ಳಿ ಹುರಿಯಬೇಕು, ಇಂಗು ಹಾಕಬೇಕು, ಮಗುವಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಬೇಕು ಅನ್ನುವವರು ಮನೆತುಂಬ. ಹುಳಕ್ಕೆ ಇವುಗಳ ವಾಸನೆ ಸೋಂಕಿದರೆ ಮೇವು ಬಿಡುತ್ತವೆ. ಎರಡೂ ಒಂದೇ ಸೂರಿನಡಿ ಆಗುವ ಮಾತಲ್ಲ.

ಬಾಣಂತನ ಮಾಡಲೆಂದು ಆಗಲೇ ಗಂಟು ಕಟ್ಟಿಕೊಂಡು ಬಂದಿದ್ದ ಮಾರಯ್ಯನ ಅಕ್ಕ ಮಾದಮ್ಮ ತೀರ್ಪು ಕೊಟ್ಟೇಬಿಟ್ಟಳು. "ಉಳವ ಎತ್ತಿ ತಿಪ್ಪೆಗಾಕು ಮಾದೇವಿ. ಚೊಚ್ಲು ಬಾಣಂತಿ ಬರ್ತಾವ್ಳೆ. ಉಳ ಇವತ್ತು ಓದ್ರೆ ನಾಳೆ ಬತ್ತವೆ."

"ನಮ್ಮವು ಮಾತ್ರ ಆಗಿದ್ರೆ ಆಕ್ಬುಡ್ತಿದ್ದೆ ಅತ್ಗೆ. ನಾಕ್ ಮನೆ ಉಳ ಅವೆ. ನಂಬಿ ಬುಟ್ಟವ್ರೆ."

ಆಸ್ಪತ್ರೆಯಿಂದ ಕವನ ಫೋನಿನಲ್ಲಿ, "ನಾನು ನಂಜನಗೂಡಲ್ಲೇ ಇರ್ತೀನಿ ಕಣವ್ವ, ನೀನು ಪರದಾಡ್ಬೇಡ" ಎಂದಳು. ಆ ಮಾತಿಗೆ ಮಹದೇವಮ್ಮನಿಗೆ ಸಿಟ್ಟೇ ಬಂತು. "ಬಾಯ್ ಮುಚ್ಕಂಡು ಬಾ ಮನೆಗೆ. ಉಳಕ್ಕೆ ಜಾಗ ನಾನ್ ನೋಡ್ತೀನಿ."

ಜಾಗ ಎಂದರೆ ತೋಟದ ಶೆಡ್ಡು. ಬಲಿತ ಹುಳಕ್ಕೆಂದು ಕಟ್ಟಿದ, ಶೀಟು ಹೊದಿಸಿದ ಉದ್ದನೆಯ ಶೆಡ್ಡು. ಬಲಿತ ಹುಳಕ್ಕೆ ಅದು ಸಾಕು. ಮರಿಗಳಿಗೆ ಆ ಚಳಿ ಆಗದು. ಮಹದೇವಮ್ಮ ಗಂಡನ ಮುಖ ನೋಡಿದಳು. ಮಾರಯ್ಯ ಆ ದಿನದ ಕೆಲಸಕ್ಕೆ ಬರುವುದಿಲ್ಲವೆಂದು ಮೇಸ್ತ್ರಿಗೆ ಫೋನು ಮಾಡಿ, ಕರಣೆ ಹಿಡಿದುಕೊಂಡು ತೋಟಕ್ಕೆ ಹೊರಟ.

ಶೆಡ್ಡಿನ ಒಂದು ತುದಿಯನ್ನು ಟಾರ್ಪಾಲಿನಿಂದ ಮರೆಮಾಡಿ ಕೋಣೆಯಂತೆ ಮಾಡಿದರು. ಮಾರಯ್ಯ ಗೋಡೆಯ ಹೊರಗೆ ಹಳೆಯ ಡ್ರಮ್ಮು ಕೂರಿಸಿ, ಸುತ್ತ ಇಟ್ಟಿಗೆ ಕಟ್ಟಿ ಒಲೆ ಮಾಡಿದ. ಹೊಗೆಗೆ ಕಬ್ಬಿಣದ ಕೊಳವೆ ಸಿಕ್ಕಿತು. ಅದನ್ನು ಒಳಗೆ ಹಾಯಿಸಿ ಆ ಬದಿಯಲ್ಲಿ ಹೊರಕ್ಕೆ ಬಿಟ್ಟ. ಗಾರೆ ಹಸಿಯಿದ್ದಾಗಲೇ ಸಣ್ಣ ಉರಿ ಹಾಕಿ ಒಣಗಿಸಿದ್ದಾಯಿತು. ಮರುದಿನ ಬಿಸಿಲು ಏರಿದ ಮೇಲೆ ತಟ್ಟೆಗಳಿಗೆ ಒದ್ದೆ ಬಟ್ಟೆ ಹೊದಿಸಿ, ತಲೆಯ ಮೇಲಿಟ್ಟುಕೊಂಡು ಹೆಂಗಸರು ಸಾಲಾಗಿ ತೋಟಕ್ಕೆ ನಡೆದರು. ಪುಟ್ಟಬಸಮ್ಮ ಮೊದಲು ಹೆದರಿದ್ದಳು.

"ಅಲ್ಲ ಮಾದೇವಮ್ಮ, ಶೆಡ್ಡಲ್ಲಿ ಮರಿ ಉಳೀತವಾ?"

"ಗೊತ್ತಿಲ್ಲ ಕಣಕ್ಕ. ನಿನ್ ತಟ್ಟೆಯ ನಿಮ್ಮನೇಗೆ ತಕ್ಕಂಡು ಓಗಂಗಿದ್ರೆ ಓಗು, ನಾನೇನೂ ಅನ್ಕಳಾಕಿಲ್ಲ."

ಪುಟ್ಟಬಸಮ್ಮ ಸೆರಗು ಸುತ್ತಿ ಸಿಂಬೆ ಮಾಡಿಕೊಂಡಳು. "ಎತ್ತು, ಎತ್ತು. ಬಾಣಂತಿ ಮನೇಲಿ ನಿಂಗೇನು ಕೆಲ್ಸ ಕಮ್ಮಿಯಾ? ಅಗಲೊತ್ತು ಒಲೆ ನಾನ್ ನೋಡ್ಕತೀನಿ."

ಹೆರಿಗೆಯಾದ ನಾಲ್ಕನೇ ದಿನ ಸಂಜೆ ಆಸ್ಪತ್ರೆಯಿಂದ ಕವನ ಮಗುವಿನೊಂದಿಗೆ ಬಂದಳು. ತೊಳೆದು ಒಣಗಿಸಿದ್ದ ಕೋಣೆಯಲ್ಲಿ ಮಂಚ ಹಾಕಿತ್ತು. ಮಹದೇವಮ್ಮ ಮೊಮ್ಮಗಳನ್ನು ಎತ್ತಿಕೊಂಡು ಕಿವಿ, ಬೆರಳು, ಹಿಮ್ಮಡಿ ಎಲ್ಲವನ್ನೂ ನೋಡಿದಳು. "ಇಷ್ಟಿದ್ದೀಯ, ಇಷ್ಟ್ ಅವಸ್ರ ಏನಿತ್ತವ್ವ ನಿಂಗೆ?" ಎಂದು ಕೇಳಿದಳು. ಮಗು ಆಕಳಿಸಿತು.

ಶೆಡ್ಡಿನಲ್ಲಿ ಮೊದಲೆರಡು ದಿನ ಹಳೆಯ ಕಥೆಯೇ ನಡೆಯಿತು. ಕಬ್ಬಿಣದ ಕೊಳವೆ ಗಾರೆಯ ಕೊಳವೆಯಂತಲ್ಲ, ಕಾದರೆ ಕೆಂಪಗೆ ಕಾಯುತ್ತದೆ. ಒಳಗೆ ಹೋದವರ ತುಟಿ ಬಿರಿಯುತ್ತಿತ್ತು, ಸೊಪ್ಪಿನ ಅಂಚು ಸುರುಟುತ್ತಿತ್ತು. ಮಹದೇವಮ್ಮ ಉರಿ ತಗ್ಗಿಸಿದಳು, ಕೊಳವೆಯ ಕೆಳಗೆ ಮರಳು ಹಾಸಿ ನೀರು ಚಿಮುಕಿಸಿದಳು, ಗೋಣಿಚೀಲಗಳನ್ನು ನಾಲೆ ನೀರಿನಲ್ಲಿ ಅದ್ದಿ ಟಾರ್ಪಾಲಿನ ಉದ್ದಕ್ಕೂ ನೇತುಹಾಕಿದಳು. ಗಾಳಿ ಮೆತ್ತಗಾಯಿತು. ಸೊಪ್ಪು ಮುಂದಿನ ಮೇವಿನವರೆಗೆ ಹಸಿರಾಗಿಯೇ ಇರತೊಡಗಿತು. ಸರಿ ಹೋಯಿತು ಅಂದುಕೊಳ್ಳುವಷ್ಟರಲ್ಲಿ, ಒಂದು ಬೆಳಿಗ್ಗೆ ಬಂದು ನೋಡಿದರೆ ತಟ್ಟೆಗಳ ಮೇಲೆ ಟಪ್ ಟಪ್ ಎಂದು ನೀರು ತೊಟ್ಟಿಕ್ಕುತ್ತಿದೆ. ಒಳಗಿನ ಆವಿಯೆಲ್ಲ ಮೇಲಿನ ತಣ್ಣನೆಯ ಶೀಟಿಗೆ ತಾಗಿ ಹನಿಗಟ್ಟಿತ್ತು.

"ಮಳೆ ಇಲ್ದೆ ಸೋರ್ತದಲ್ಲೇ ನಿಮ್ ಶೆಡ್ಡು!" ಪುಟ್ಟಬಸಮ್ಮ ತಟ್ಟೆಗಳನ್ನು ಎಳೆದಾಡುತ್ತಾ ಕೂಗಿದಳು.

ಹುಳ ಜ್ವರಕ್ಕೆ ಹೋಗುವ ಹೊತ್ತು ಅದು. ಆಗ ಒದ್ದೆ ಬಿದ್ದರೆ ಸುಣ್ಣಕಟ್ಟು ರೋಗ ಬಂದು ಹುಳ ಬಿಳಿ ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತವೆ. ಮಹದೇವಮ್ಮ ಮನೆಗೆ ಓಡಿ ಟ್ರಂಕಿನಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ತಂದಳು. ಮಾರಯ್ಯ ಅವುಗಳನ್ನು ಶೀಟಿನ ಕೆಳಗೆ ಇಳಿಜಾರಾಗಿ ಕಟ್ಟಿದ. ಬಿದ್ದ ಹನಿ ಸೀರೆ ಹಿಡಿದು ಗೋಡೆಯ ಬದಿಗೆ ಇಳಿಯುವಂತಾಯಿತು. ಗೋಣಿಚೀಲ ತೆಗೆದು ಹೊರಗೆ ಹಾಕಿದರು. ಮೇಲಿನ ಕಿಂಡಿಗಳನ್ನು ತೆರೆದರು. ತಟ್ಟೆಗಳಿಗೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿದರು. ಅಡಿಯಲ್ಲಿದ್ದ ಒಂದು ತಟ್ಟೆ ಪೂರ್ತಿ ನೆನೆದುಹೋಗಿತ್ತು. ಅದನ್ನು ದೂರ ಕೊಂಡೊಯ್ದು ಹೂತರು. ಅದು ಮಹದೇವಮ್ಮನದೇ ತಟ್ಟೆ. ಬೇರೆಯವರದ್ದಲ್ಲವಲ್ಲ ಎಂದು ಅವಳಿಗೆ ಸಮಾಧಾನವೇ ಆಯಿತು.

ಈ ಗಡಿಬಿಡಿಯಲ್ಲಿ ಮನೆಯ ಕೋಣೆಯ ಕಡೆ ಅವಳ ಗಮನ ಅಷ್ಟಾಗಿ ಇರಲಿಲ್ಲ. ಮಾದಮ್ಮ ಇದ್ದಾಳಲ್ಲ ಎಂಬ ಧೈರ್ಯ. ಮಾದಮ್ಮ ಬಾಣಂತಿಗೆ ಗಾಳಿ ಸೋಕಬಾರದೆಂದು ಗವಾಕ್ಷಿಗಳಿಗೆ ಬಟ್ಟೆ ತುರುಕಿ, ಹೊರಗಿನ ಒಲೆಯನ್ನು ಹಗಲೂ ರಾತ್ರಿಯೂ ಉರಿಸುತ್ತಿದ್ದಳು. ಕೊಳವೆಯ ಮೇಲಿದ್ದ ನೀರಿನ ಪಾತ್ರೆ ಹುಳದ ಸಾಮಾನೆಂದು ಅಟ್ಟ ಸೇರಿತ್ತು.

ಆಶಾ ಕಾರ್ಯಕರ್ತೆ ರಾಣಿ ಮಗುವಿನ ತೂಕ ನೋಡಲು ಬಂದ ದಿನ ಮಗು ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ. ಎರಡು ಗುಟುಕು ಎಳೆಯುವುದು, ಬಿಡುವುದು, ಅಳುವುದು. ಮೂಗಿನೊಳಗೆ ಗೊರಗೊರ ಸದ್ದು. ಕವನಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಅಷ್ಟರಲ್ಲಿ ಮಹದೇವಮ್ಮ ತೋಟದಿಂದ ಬಂದು ಕೈಕಾಲು ತೊಳೆದು ಒಳಗೆ ಅಡಿಯಿಟ್ಟಳು. ಇಟ್ಟವಳೇ ನಿಂತಳು. ಮೂಗಿನೊಳಗೆ ಚುರ್ರೆಂದಿತು. ಗಂಟಲು ಒಣಗಿದ ಹಾಗಾಯಿತು.

"ಕವನಾ, ನಿಂಗೆ ಬಾಯಾರ್ತದಾ?"

"ರಾತ್ರಿಯೆಲ್ಲಾ ನೀರು ಕುಡೀತಾನೇ ಇರ್ತೀನಿ ಕಣವ್ವ. ಗಂಟ್ಲು ಕಿತ್ಕಂಡು ಬರತ್ತೆ. ಮಗು ಕಾಲು ನೋಡು, ಹೆಂಗೆ ಸಿಪ್ಪೆ ಏಳ್ತಿದೆ."

ರಾಣಿ ಮಗುವಿನ ಎದೆಗೆ ಕಿವಿಯಿಟ್ಟು, ಉಸಿರು ಎಣಿಸಿ ನೋಡಿದಳು. "ಎದೆ ಚೆನ್ನಾಗೈತೆ ಅಕ್ಕ, ಜ್ವರನೂ ಇಲ್ಲ. ಮೂಗು ಒಣಗಿ ಕಟ್ಕಂಡದೆ ಅಷ್ಟೆ. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಕೊಡ್ತೀನಿ. ಒಳಗೆ ಕೆಂಡ ಗಿಂಡ ಇಡ್ಬೇಡಿ, ಸಾಂಬ್ರಾಣಿನೂ ಬೇಡ. ಸ್ವಲ್ಪ ಗಾಳಿ ಆಡ್ಲಿ. ಉಸ್ರು ಎಳ್ದು ಎಳ್ದು ಬಿಟ್ರೆ ತಕ್ಷಣ ಆಸ್ಪತ್ರೆಗೆ ಬನ್ನಿ."

"ಗಾಳಿ ಆಡುಸ್ಬೇಕಾ?" ಮಾದಮ್ಮನ ಧ್ವನಿ ಏರಿತು. "ಎಷ್ಟ್ ಬಾಣಂತನ ಮಾಡಿವ್ನಿ ನಾನು! ಶೀತ ಆದ್ರೆ ಯಾರು ನೋಡೋರು?"

ಮಹದೇವಮ್ಮ ಅಟ್ಟದಿಂದ ಪಾತ್ರೆ ಇಳಿಸುತ್ತಾ ಹೇಳಿದಳು: "ಅತ್ಗೆ, ನೀವು ಬೆಚ್ಚಗೆ ಇಟ್ಟಿದ್ದು ಸರಿಯಾಗೇ ಅದೆ. ಬೆಚ್ಚಗಿಲ್ದಿದ್ರೆ ಈ ಕೂಸು ಇಷ್ಟು ಗಟ್ಟಿ ಆಯ್ತಿತ್ತಾ? ಬಿಸಿ ಇರ್ಲಿ. ಅದ್ರ ಜೊತೆ ವಸಿ ಪಸೆ ಬೇಕು. ಸೊಪ್ಪೇ ಒಣಗೋ ಗಾಳೀಲಿ ಕೂಸಿನ್ ಮೂಗು ಒಣಗಾಕಿಲ್ವಾ?"

"ಬಾಣಂತಿ ಕೋಣೇಲಿ ತಣ್ಣೀರಾ?"

"ಬಿಸಿನೀರೇ ಉಯ್ತೀನಿ ತಕ್ಕಳಿ."

ಬಿಸಿನೀರು ಎಂದ ಮೇಲೆ ಮಾದಮ್ಮ ಒಪ್ಪಿದಳು. ಕೊಳವೆಯ ಮೇಲೆ ಮತ್ತೆ ನೀರಿನ ಪಾತ್ರೆ ಕೂತಿತು. ಹಗ್ಗದ ಮೇಲೆ ಗೋಣಿಚೀಲದ ಬದಲು ಒಗೆದು ಹಿಂಡಿದ ಹತ್ತಿ ಸೀರೆ. ಗವಾಕ್ಷಿಯೊಂದರ ಬಟ್ಟೆ ಹೊರಬಂತು. ಒಲೆಗೆ ಒಮ್ಮೆಲೇ ಒಡ್ಡುತ್ತಿದ್ದ ಕಡ್ಡಿ ಅರ್ಧಕ್ಕಿಳಿಯಿತು. ಮೂಗಿಗೆ ಹನಿ ಬಿದ್ದು, ಕೋಣೆ ಮೆದುವಾದ ಮೇಲೆ ಮರುದಿನದ ಹೊತ್ತಿಗೆ ಮಗು ನಡುವೆ ಬಿಡದೆ ಹಾಲು ಕುಡಿದು, ಕುಡಿಯುತ್ತಲೇ ನಿದ್ದೆ ಹೋಯಿತು. ಕವನ ಕೂಡ ಗೋಡೆಗೊರಗಿ ನಿದ್ದೆ ಹೋದಳು. ಬಾಗಿಲಲ್ಲಿ ನಿಂತು ನೋಡಿದ ಮಾದಮ್ಮ ಹೋಗಿ ಪಾತ್ರೆಗೆ ತಾನೇ ಇನ್ನೊಂದು ಚೊಂಬು ಬಿಸಿನೀರು ಹುಯ್ದಳು.

ಅಲ್ಲಿಂದ ಮಾದಮ್ಮನನ್ನು ತಡೆಯುವವರೇ ಇರಲಿಲ್ಲ. ಒಂದು ಪಾತ್ರೆ ಎರಡಾಯಿತು. ಮಂಚದ ಕೆಳಗೂ ಒಂದು ಬೋಸಿಯಲ್ಲಿ ನೀರು. ಮಗುವಿನ ಒಗೆದ ಬಟ್ಟೆಗಳೆಲ್ಲ ಅಂಗಳದ ಬದಲು ಕೋಣೆಯಲ್ಲೇ ಒಣಗಲು ಶುರುವಾದವು. ವಾರ ಕಳೆಯುವುದರೊಳಗೆ ಗೋಡೆ ಬೆವರಿತು, ಮಂಚದ ಹಿಂದಿನ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು, ಕಂಬಳಿ ಮುಗ್ಗಲು ವಾಸನೆ ಹೊಡೆಯಿತು. ಬಾಣಂತಿ ನೋಡಲು ಬಂದ ನಟರಾಜ ಕೋಣೆಯೊಳಗೆ ಹೋಗಿ ಕನ್ನಡಕ ತೆಗೆದು ಒರೆಸಿಕೊಂಡ.

"ಅತ್ತೆ, ಇದೇನು ಬಚ್ಚಲಾಗೋಯ್ತಲ್ಲ!"

ಕವನ ಹೊದಿಕೆಯೊಳಗೆ ನಗು ತಡೆದುಕೊಂಡಳು. ಮಹದೇವಮ್ಮ ಬಂದು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದಳು. ಶೆಡ್ಡಿನ ಶೀಟು ನೆನಪಾಯಿತು. "ಇಲ್ಲೂ ಸುರುವಾಯ್ತಾ ಮಳೆ?" ಎಂದು ಹಣೆ ಚಚ್ಚಿಕೊಂಡಳು. ಬೋಸಿ ಹೊರಗೆ ಹೋಯಿತು, ಬಟ್ಟೆಗಳು ಅಂಗಳದ ಬಿಸಿಲಿಗೆ ಬಂದವು. ಮಾರಯ್ಯ ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದು, ಕಪ್ಪು ಚುಕ್ಕೆಗಳನ್ನು ಉಜ್ಜಿ ತೊಳೆದು, ಒಣಗಿದ ಮೇಲೆ ಸುಣ್ಣ ಬಳಿದ. ಅಷ್ಟು ಹೊತ್ತೂ ತಾಯಿ ಮಗು ನಡುಮನೆಯಲ್ಲಿದ್ದರು. ಆಮೇಲಿಂದ ದಿನವೂ ಮಧ್ಯಾಹ್ನ ಬಿಸಿಲು ಚುರುಕಾದಾಗ ಮಗುವನ್ನು ಹೊದಿಸಿ ನಡುಮನೆಗೆ ತಂದು, ಕೋಣೆಯ ಗವಾಕ್ಷಿ, ಬಾಗಿಲು ಎಲ್ಲ ತೆರೆದಿಡುವ ರೂಢಿಯಾಯಿತು. ಬಿಸಿಲು ಇಳಿಯುವ ಮೊದಲು ಮುಚ್ಚಿ, ಒಲೆಗೆ ಕಡ್ಡಿ ಒಡ್ಡುವುದು. ಮಾದಮ್ಮ ಇದಕ್ಕೆ ಒಪ್ಪಿದಳು. ಬಾಗಿಲು ತೆರೆದಿದ್ದಷ್ಟು ಹೊತ್ತು ಬಾಣಂತಿಯ ಕಿವಿಗೆ ಹತ್ತಿ ಇಟ್ಟಿರಬೇಕೆಂಬುದು ಅವಳ ಷರತ್ತು. ಕವನ ಹತ್ತಿ ಇಟ್ಟುಕೊಂಡಳು.

ಮುಂದಿನ ಭಾನುವಾರ ನಟರಾಜ ಗಾಳಿಯ ತೇವ ತೋರಿಸುವ ಬೆಂಕಿಪೊಟ್ಟಣದಷ್ಟು ಮೀಟರೊಂದನ್ನು ತಂದುಕೊಟ್ಟ. ತಂದಿದ್ದು ಮಗುವಿಗೆಂದು, ಆದರೆ ಅದಕ್ಕೆ ಒಂದೆಡೆ ಕೂರುವ ಭಾಗ್ಯವಿರಲಿಲ್ಲ. ಬೆಳಿಗ್ಗೆ ಮಾರಯ್ಯನ ಅಂಗಿಯ ಜೇಬಿನಲ್ಲಿ ಶೆಡ್ಡಿಗೆ ಹೋಗುವುದು, ಸಂಜೆ ಕೋಣೆಗೆ ಬರುವುದು. ಮಹದೇವಮ್ಮ ಮೊದಲು ಕೈಯಲ್ಲಿ ಗೋಣಿ ಹಿಂಡಿ ನೋಡಿ, ತುಟಿ ನೆಕ್ಕಿ ನೋಡಿ, ಆಮೇಲೆ ಮೀಟರು ನೋಡುತ್ತಿದ್ದಳು. ಎರಡೂ ಒಂದೇ ಮಾತು ಹೇಳಿದರೆ ಖುಷಿ. ಬೇರೆ ಹೇಳಿದ ದಿನ ಪುಟ್ಟಬಸಮ್ಮನನ್ನು ಕೂಗಿ, "ಅಕ್ಕಾ, ನಿಂಗೇನ್ ಅನ್ನುಸ್ತದೆ?" ಎಂದು ಕೇಳುತ್ತಿದ್ದಳು. ಒಂದೆರಡು ಸಲ ಮೀಟರೇ ಸರಿಯಾಗಿತ್ತು. ಅದನ್ನು ಮಗಳಿಗೆ ಹೇಳುವಾಗ ಅವಳ ದನಿಯಲ್ಲಿ ಮೆಚ್ಚುಗೆಯೇ ಇತ್ತು: "ನಟರಾಜಪ್ಪ ಒಳ್ಳೇದ್ನೇ ತಂದವ್ನೆ ಕಣವ್ವ. ನಂಗೆ ನೆಗಡಿ ಆದಾಗ ಅದೇ ನೋಡ್ಕತದೆ."

ಎರಡನೇ ಜ್ವರ ದಾಟಿದ ಹುಳಗಳನ್ನು ಆಯಾ ಮನೆಯವರು ಬಂದು ಒಯ್ದರು. ಹುಳ ಒಂದೇ ಸಮ ಇದ್ದವು. ಪುಟ್ಟಬಸಮ್ಮ ತನ್ನ ಪಾಲು ಒಯ್ದ ಮೇಲೂ ಶೆಡ್ಡಿಗೆ ಬರುವುದು ಬಿಡಲಿಲ್ಲ. ಒಲೆಯ ಮುಂದೆ ಕೂತು ಮಾತಾಡುವ ಅಭ್ಯಾಸವಾಗಿಬಿಟ್ಟಿತ್ತು. ಬಲಿತ ಹುಳಕ್ಕೆ ಇನ್ನು ಪಸೆ ಬೇಡ. ಮಹದೇವಮ್ಮ ಸೀರೆಗಳನ್ನು ಬಿಚ್ಚಿ, ಟಾರ್ಪಾಲು ಎತ್ತಿಕಟ್ಟಿ, ಗಾಳಿ ಆಚೆಯಿಂದೀಚೆಗೆ ಹಾಯುವಂತೆ ಬಿಟ್ಟಳು. ಹುಳ ಹಣ್ಣಾಗಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆ ಏರಿದವು, ಬೆಳ್ಳಗೆ ಗಟ್ಟಿ ಗೂಡು ಕಟ್ಟಿದವು. ಹೂತ ಒಂದು ತಟ್ಟೆಯಿಂದಾಗಿ ಬೆಳೆ ಸ್ವಲ್ಪ ಕಡಿಮೆ ಬಂತು. ಆದರೂ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ ವ್ಯಾಪಾರಿ ಹೆಸರಿಡಲಿಲ್ಲ.

ಗೂಡು ಬಿಡಿಸಿದ್ದು ಮನೆಯ ಜಗುಲಿಯ ಮೇಲೆ. ಫೆಬ್ರವರಿಯ ಬಿಸಿಲು ಹಿತವಾಗಿತ್ತು. ಮಹದೇವಮ್ಮ, ಪುಟ್ಟಬಸಮ್ಮ ಎದುರುಬದುರು ಕೂತು ಚಂದ್ರಿಕೆಯಿಂದ ಗೂಡು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಹೊಸ್ತಿಲ ಒಳಗೆ ಕವನ ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಳೆಬಿಸಿಲು ಕಾಯಿಸುತ್ತಿದ್ದಳು. ಮಾದಮ್ಮ ಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲೇ ಇದ್ದಳು.

"ಎಸ್ರು ಏನಿಟ್ರಿ?" ಪುಟ್ಟಬಸಮ್ಮ ಕೇಳಿದಳು.

"ಸಂಘಮಿತ್ರ ಅಂತ. ಅವರಪ್ಪ ಆರ್ಸಿದ್ದು," ಎಂದಳು ಕವನ.

"ನಂಗೆ ಅಷ್ಟುದ್ದ ಆಗಾಕಿಲ್ಲ. ಮಿತ್ರ ಅಂತೀನಿ," ಎಂದು ಮಾದಮ್ಮ ಮಗುವಿನ ಹಿಮ್ಮಡಿಗೆ ಎಣ್ಣೆ ಸವರಿದಳು. ಹಿಮ್ಮಡಿ ಈಗ ನುಣ್ಣಗಿತ್ತು.

ಮಾರಯ್ಯ ಒಳಗಿನಿಂದ ಕಾಫಿ ಲೋಟಗಳನ್ನು ತಂದು ಜಗುಲಿಯ ಮೇಲಿಟ್ಟು, ಹೆಂಡತಿಯನ್ನು ಕೇಳಿದ: "ಮುಂದಿನ್ ಮೊಟ್ಟೆ ಯಾವಾಗ ತರಾದು?"

"ಬಿಸ್ಲು ಬಂತಲ್ಲ, ಇನ್ನು ಒಲೆ ಬ್ಯಾಡ. ಶೆಡ್ಡಲ್ಲೇ ಮಾಡಾನ ಬುಡಿ," ಎನ್ನುತ್ತಾ ಮಹದೇವಮ್ಮ ಕೈಗಂಟಿದ ರೇಷ್ಮೆಯ ಎಳೆಗಳನ್ನು ಸೆರಗಿಗೆ ಒರೆಸಿಕೊಂಡು ಕಾಫಿ ಲೋಟ ಎತ್ತಿಕೊಂಡಳು. "ಕೂಸು ಇನ್ನೂ ಮೂರ್ ತಿಂಗ್ಳು ಇಲ್ಲೇ ಇರ್ತದೆ."